ಸೋಮವಾರದ ಜನರೇಟರ್

ಜೇವರ್ಗಿ ದಾಟಿ ಅಂದೋಲಾ ಕಡೆ ಹೊರಟರೆ, ಊರು ಮುಗಿದು ತೊಗರಿ ಹೊಲಗಳು ಶುರುವಾಗುವಲ್ಲಿ ನಾಗಣ್ಣ ಸಾಹುಕಾರರ ಬೇಳೆ ಗಿರಣಿ ಸಿಗುತ್ತದೆ. ಆ ಗಿರಣಿಯ ಮಲ್ಕಪ್ಪ ಬರುತ್ತಿದ್ದಾನೆ ಎಂಬುದು ಒಂದು ಕಾಲದಲ್ಲಿ ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತಿತ್ತು. ಅರ್ಧ ಆಯುಷ್ಯವನ್ನು ಡೀಸೆಲ್ ಜನರೇಟರಿನ ಮಗ್ಗುಲಲ್ಲಿ ಕಳೆದ ಮನುಷ್ಯ ಅವನು. ಹೆಂಡತಿ ವಿದ್ಯಾವತಿ ಅಂಗಿಯನ್ನು ಎಷ್ಟು ತಿಕ್ಕಿ ಒಗೆದರೂ ಆಕೆಯ ರಟ್ಟೆ ಸೋಲುತ್ತಿತ್ತೇ ಹೊರತು ವಾಸನೆ ಸೋಲುತ್ತಿರಲಿಲ್ಲ. ಚಹಾ ಅಂಗಡಿಯಲ್ಲಿ ಕುಳಿತವರು, “ಮೊದಲ ವಾಸನಿ ಬರ್ತದ, ಹಿಂದಿಂದ ಮಲ್ಕಪ್ಪಣ್ಣ ಬರ್ತಾನ” ಎಂದು ನಗುತ್ತಿದ್ದರು. ಅವನಿಗೆ ಸಿಟ್ಟು ಬರುತ್ತಿರಲಿಲ್ಲ. ಅತ್ತರು ಹಚ್ಚಿಕೊಂಡು ತಿರುಗುವವರಿಂದ ಗಿರಣಿ ನಡೆಯುವುದಿಲ್ಲ ಎಂದು ಅವನೂ ಚಹಾ ಕುಡಿದು ಎದ್ದು ಹೋಗುತ್ತಿದ್ದ.

ಹುಟ್ಟಿದ್ದು ಯಡ್ರಾಮಿ ಹತ್ತಿರದ ಒಂದು ಹಳ್ಳಿಯಲ್ಲಿ. ಅಪ್ಪ ಊರವರ ಬಾವಿಗಳ ಮೇಲಿನ ಆಯಿಲ್ ಇಂಜಿನ್ ನೋಡಿಕೊಳ್ಳುತ್ತಿದ್ದ. ಮಗನ ತಲೆಗೆ ಶಾಲೆ ಹತ್ತಲಿಲ್ಲ, ಇಂಜಿನ್ ಹತ್ತಿತು. ಮೀಸೆ ಚಿಗುರುವ ಹೊತ್ತಿಗೆ ಜೇವರ್ಗಿಗೆ ಬಂದು ನಾಗಣ್ಣ ಸಾಹುಕಾರರ ಗಿರಣಿ ಸೇರಿದ. ಸಾಹುಕಾರರು ಯಾರನ್ನೂ ಸುಲಭಕ್ಕೆ ನಂಬುವವರಲ್ಲ, ತಮ್ಮ ತಕ್ಕಡಿಯನ್ನೇ ಎರಡು ಸಲ ಅನುಮಾನಿಸುವ ಪೈಕಿ. ಅಂಥವರು ಒಂದು ದಿನ ಡೀಸೆಲ್ ಕೋಣೆಯ ಚಾವಿಯನ್ನು ಅವನ ಅಂಗೈಯಲ್ಲಿಟ್ಟು, “ಇದು ನಿನ್ನ ಹತ್ರನ ಇರ್ಲಿ ಮಲ್ಕಪ್ಪ. ನನಗ ಲೆಕ್ಕಾ ಹೇಳಾಕ ಬರಬ್ಯಾಡ” ಎಂದರು.

ಡೀಸೆಲ್ ಇರುವ ಕಡೆ ಬಾಟಲಿಯಲ್ಲಿ ಇಷ್ಟು, ಡಬ್ಬಿಯಲ್ಲಿ ಇಷ್ಟು ಸೋರಿ ಹೋಗುವುದು ಲೋಕರೂಢಿ. ಮಲ್ಕಪ್ಪನ ಕೋಣೆಯಲ್ಲಿ ಸೋರಲಿಲ್ಲ. ಬೇವಿನ ಕಡ್ಡಿ ಇಳಿಸಿ ದಿನಾ ಟಾಕಿಯ ಮಟ್ಟ ನೋಡುತ್ತಿದ್ದ. ಚಾವಿಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದ. ಕೊರಳಲ್ಲಿ ಲಿಂಗ, ಸೊಂಟದಲ್ಲಿ ಚಾವಿ. ಜಳಕಕ್ಕೆ ಹೋದಾಗಲೂ ಎರಡನ್ನೂ ಬಿಚ್ಚುತ್ತಿರಲಿಲ್ಲ.

ನಾಗಣ್ಣನವರು ಲಿಂಗೈಕ್ಯರಾದ ಮೇಲೆ ಗಿರಣಿ ಮಗ ಅರುಣಕುಮಾರನ ಕೈಗೆ ಬಂತು. ಓದಿದವನು, ಚುರುಕಿನವನು, ಸ್ವಲ್ಪ ಅವಸರದವನು. ಹಗಲು ಹೊತ್ತು ಲೈನಿನ ಕರೆಂಟು ಕೈ ಕೊಡುವುದು, ಜನರೇಟರ್ ಡೀಸೆಲ್ ಕುಡಿಯುವುದು ನೋಡಿ ನೋಡಿ ಬೇಸತ್ತು, ಗಿರಣಿಗೆ ಮೈಕ್ರೋಗ್ರಿಡ್ ಹಾಕಿಸಿದ. ಅದನ್ನು ಕೂಡಿಸಲು ಕಂಪನಿಯಿಂದ ಬಂದ ಇಂಜಿನಿಯರ್ ಹುಡುಗಿಯ ಹೆಸರು ಅನುಜಾ. ಮಲ್ಕಪ್ಪನನ್ನು ಕಾಕಾ ಎನ್ನುತ್ತ, ಎಲ್ಲವನ್ನೂ ಬಿಡಿಸಿ ಹೇಳಿದಳು. ಇದು ಗಿರಣಿಯದೇ ಒಂದು ಸಣ್ಣ ವಿದ್ಯುತ್ ಸಂಸಾರ. ಚಾವಣಿ ತುಂಬ ಸೋಲಾರ್ ಪ್ಯಾನಲ್, ಹಿಂದಿನ ಕೋಣೆಯಲ್ಲಿ ಕಪಾಟಿನಷ್ಟು ಎತ್ತರದ ಬ್ಯಾಟರಿ, ಹೊರಗಿನಿಂದ ಬಂದಾಗ ಬರುವ ಲೈನಿನ ಕರೆಂಟು, ಎಲ್ಲದರ ಕೊನೆಗೆ ಹಳೆಯ ಜನರೇಟರ್. ಯಾವ ಹೊತ್ತಿನಲ್ಲಿ ಯಾವುದರಿಂದ ಎಷ್ಟು ತೆಗೆದು ಮೋಟಾರುಗಳಿಗೆ ಕೊಡಬೇಕು ಎಂದು ತೀರ್ಮಾನಿಸಲು ಗೋಡೆಯ ಮೇಲೊಂದು ಕಂಟ್ರೋಲರ್ ಪೆಟ್ಟಿಗೆ.

ಮಲ್ಕಪ್ಪ ಅದನ್ನು ತನ್ನ ರೀತಿಯಲ್ಲಿ ತಿಳಿದುಕೊಂಡ. ಬಿಸಿಲು ದುಡಿಯುವ ಮಗ. ಬ್ಯಾಟರಿ ಕಾಳು ತುಂಬಿಟ್ಟ ಹಗೇವು. ಲೈನಿನ ಕರೆಂಟು ಮನಸ್ಸು ಬಂದಾಗ ಬರುವ ಬೀಗರು. ಡೀಸೆಲ್ ಅಡಚಣೆಗೆ ತರುವ ಕೈಗಡ. ಇನ್ನು ಆ ಪೆಟ್ಟಿಗೆ, ಎಲ್ಲರನ್ನೂ ಸಂಭಾಳಿಸಿ ಮನೆ ತೂಗಿಸುವ ಹಿರಿಸೊಸೆ. ಮೊದಮೊದಲು ಅವನು ಗೊಣಗಿದ್ದು ಖರೆ. “ಮುಗಿಲ ನಂಬಿ ಗಿರಣಿ ಹಚ್ಚಾಕ ಆಗ್ತದೇನ್ರಿ?” ಎಂದು ನಾಲ್ಕು ಜನರ ಮುಂದೆ ಅಂದೂ ಇದ್ದ. ಆದರೆ ಮೋಟಾರುಗಳು ಸದ್ದಿಲ್ಲದ ಕರೆಂಟಿನಲ್ಲಿ ಗರಗರ ತಿರುಗತೊಡಗಿದಾಗ ಅವನ ಬಾಯಿ ತಾನಾಗಿ ಮುಚ್ಚಿತು. ಒಂದೆರಡು ತಿಂಗಳಲ್ಲಿ ಅಂಗಿಯ ವಾಸನೆಯೂ ಹೋಯಿತು. ವಿದ್ಯಾವತಿ ಓಣಿಯವರಿಗೆಲ್ಲ ಹೇಳಿಕೊಂಡು ಬಂದಳು.

ಆ ಹಿರಿಸೊಸೆಗೆ ಚಾವಣಿಯ ಮೇಲೊಂದು ಕಣ್ಣಿತ್ತು. ಬಿಸಿಲು ಅಳೆಯುವ ಸಾಧನ. ಮೊಣಕಾಲೆತ್ತರದ ಕಬ್ಬಿಣದ ಕಂಬ, ಕಂಬದ ಮೇಲೆ ದುಂಡನೆಯ ಬಿಳಿ ತಟ್ಟೆ, ತಟ್ಟೆಯ ನಡುವೆ ಗಾಜಿನ ಪುಟ್ಟ ಗುಮ್ಮಟ, ಗಾಜಿನೊಳಗೆ ಕಪ್ಪನೆಯ ಬೊಟ್ಟು. ಬಿಸಿಲು ಇಳಿದಿದೆ ಎಂದು ಅದು ಹೇಳಿದರೆ, ದೊಡ್ಡ ಮೋಟಾರುಗಳು ಬ್ಯಾಟರಿಯನ್ನು ಬಸಿದು ಹಾಕುವ ಮೊದಲೇ ಪೆಟ್ಟಿಗೆ ತಾನಾಗಿ ಜನರೇಟರ್ ಹಚ್ಚುತ್ತಿತ್ತು. ನಡುವೆ ಗಿರಣಿ ನಿಂತರೆ ಒಳಗಿನ ಬೇಳೆ ನುಚ್ಚಾಗುತ್ತದೆ, ಅದಕ್ಕೇ ಈ ಮುಂಜಾಗ್ರತೆ. ಅನುಜಾ ಗಿರಣಿಯವರನ್ನೆಲ್ಲ ಚಾವಣಿಗೆ ಹತ್ತಿಸಿ, ಅದನ್ನು ತೋರಿಸಿ, “ಇದನ್ನ ಯಾರೂ ಕೆಡಸಬ್ಯಾಡ್ರಿ. ಗಿರಣಿ ಪೂರಾ ಇದರ ಮ್ಯಾಲೇ ನಿಂತದ” ಎಂದಳು. ಅರುಣಕುಮಾರ ಹಿಂದಿನಿಂದ, “ಕೆಡಸಿದವರು ಅವತ್ತೇ ಮನಿಗೆ” ಎಂದು ಸೇರಿಸಿದ.

ಆ ಗುಂಪಿನ ಹಿಂದೆ ತಲೆ ತುಂಬ ಸೆರಗು ಹೊದ್ದು ಗಂಗಾಬಾಯಿ ನಿಂತಿದ್ದಳು. ಮಾದನಹಿಪ್ಪರಗಾದ ಮಗಳು, ಜೇವರ್ಗಿಯ ಸೊಸೆ. ಗಂಡ ತೀರಿದ ಮೇಲೆ ಗಿರಣಿಯಲ್ಲಿ ಬೇಳೆ ಆರಿಸುತ್ತಿದ್ದಳು. ಕೆಟ್ಟ ಬೇಳೆಯನ್ನು ಬಣ್ಣ ನೋಡಿ ಆರಿಸುವ ಮಷೀನು ಬಂದು ಆರಿಸುವ ಹೆಂಗಸರೆಲ್ಲ ಮನೆಗೆ ಹೋದರು. ಬೇಳೆ ಗಿರಣಿಯ ಹೊಟ್ಟು ಪ್ಯಾನಲ್‌ಗಳ ಮೇಲೆ ದಿನಾ ಕೂರುತ್ತದೆ, ತೊಳೆಯಲು ಒಬ್ಬರು ಬೇಕು ಎಂದಾಗ ಮಲ್ಕಪ್ಪನೇ, “ಗಂಗಾಬಾಯಿ ಪಾತ್ರಿ ತಿಕ್ಕಿದ್ರ ಅದರಾಗ ಮಾರಿ ಕಾಣ್ತದ್ರಿ. ಆಕಿಗೇ ಕೊಡ್ರಿ” ಎಂದು ಕೊಡಿಸಿದ. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಆಕೆಯ ಹೊಟ್ಟೆಯಲ್ಲಿ ಮಾತು ಮಾತ್ರ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಕೇಳಿದ್ದನ್ನು ಮಧ್ಯಾಹ್ನದ ರೊಟ್ಟಿಯ ಹೊತ್ತಿಗೆ ಊರಿಗೆ ಬಡಿಸಿ ಮುಗಿಸುತ್ತಿದ್ದಳು.

ಎಳ್ಳಮಾಸಿ ಹಬ್ಬ ಕಳೆದು ಹೊಸ ತೊಗರಿ ಬಂದು, ದೊಡ್ಡ ಮೋಟಾರುಗಳು ಹಗಲೆಲ್ಲ ಓಡತೊಡಗಿದವು. ಆಗಲೇ ಜನರೇಟರಿಗೆ ಸೋಮವಾರದ ರೋಗ ಹಿಡಿಯಿತು. ವಾರವೆಲ್ಲ ಸುಮ್ಮನಿರುವುದು ಸೋಮವಾರ ಬೆಳಿಗ್ಗೆ ಮೋಟಾರುಗಳು ಶುರುವಾದ ಸ್ವಲ್ಪ ಹೊತ್ತಿಗೆ ಗುಡುಗಿ ಎದ್ದು, ಸಂಜೆಯ ತನಕ ಓಡುತ್ತಿತ್ತು. ಹೊರಗೆ ಬಿಸಿಲು ತಲೆ ಒಡೆಯುವಷ್ಟು. ಒಳಗೆ ಪೆಟ್ಟಿಗೆಯ ಪರದೆಯ ಮೇಲೆ ಬಿಸಿಲು ಅರ್ಧಕ್ಕರ್ಧ. ಮಂಗಳವಾರ ಮತ್ತೆ ಎಲ್ಲ ಸರಿ. ಹಿರಿಸೊಸೆಗೆ ವಾರಕ್ಕೊಮ್ಮೆ ಕಣ್ಣು ಮಂಜಾಗುತ್ತದೆ ಎಂದು ಮಲ್ಕಪ್ಪ ಮೊದಲು ತಮಾಷೆ ಮಾಡಿದ.

ತಮಾಷೆ ಬಹಳ ದಿನ ನಡೆಯಲಿಲ್ಲ. ಸೋಮವಾರವೆಂದರೆ ಅರುಣಕುಮಾರ ಬೇಳೆ ಮಾರಾಟಕ್ಕೆ ಕಲಬುರಗಿಯ ಗಂಜ್‌ಗೆ ಹೋಗುವ ದಿನ. ಧಣಿ ಇಲ್ಲದ ದಿನವೇ ಡೀಸೆಲ್ ಇಳಿಯುತ್ತದೆ ಎಂದರೆ ಯಾರಿಗಾದರೂ ಅನುಮಾನ ಬರಬೇಕಾದದ್ದೇ. ಅನುಜಾಳನ್ನು ಕರೆಸಿದರು. ಅವಳು ಬಂದದ್ದು ಬುಧವಾರ. ಕಣ್ಣೂ ಚೊಕ್ಕ, ಪೆಟ್ಟಿಗೆಯೂ ಚೊಕ್ಕ. “ಸುಡು ಬಿಸಿಲಾಗ ಹಿಂಗ ತೋರಸ್ಬೇಕಂದ್ರ, ಅವತ್ತ ಯಾರೋ ಅದರ ಮ್ಯಾಲ ಏನೋ ಮುಚ್ಚಿರ್ಬೇಕ್ರಿ” ಎಂದು ಹೇಳಿ ಹೋದಳು. ಅವಳು ಯಾರ ಹೆಸರನ್ನೂ ಹೇಳಲಿಲ್ಲ. ಹೆಸರು ಅರುಣಕುಮಾರನ ತಲೆಯಲ್ಲಿ ಆಗಲೇ ಇತ್ತು.

ಮಲ್ಕಪ್ಪನನ್ನು ಕೋಣೆಗೆ ಕರೆದ. ಹುಡುಗನಿದ್ದಾಗಿನಿಂದ ಮಲ್ಕಪ್ಪಣ್ಣ, ನೀವು ಎನ್ನುತ್ತಿದ್ದವನು ಅಂದು ಬರೀ ಹೆಸರು ಹಿಡಿದ.

“ಮಲ್ಕಪ್ಪ, ಸೋಲಾರ್ ಬಂದಾಗ ನೀ ಏನಂದಿದ್ದಿ, ನೆನಪದ ಏನು?”

“ಅದದ್ರಿ. ತಿಳೀಲಾರದ ಅಂದಿದ್ದೆ.”

“ಜನರೇಟರ್ ಓಡಿದ್ರ ನಿನ್ನ ಕಿಮ್ಮತ್ತು ಉಳೀತದ, ಡೀಸೆಲ್ಲೂ ಕೈಗೆ ಸಿಗ್ತದ. ಅದಕ್ಕ ಮ್ಯಾಲಿನ ಆ ಗಾಜು ಮುಚ್ಚಾಕತ್ತೀ ಏನು?”

ಮಲ್ಕಪ್ಪನಿಗೆ ಪ್ರಶ್ನೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ “ಇಲ್ರೀ” ಎಂದ, ಅಷ್ಟೇ. ತಾನು ಕಳ್ಳನಲ್ಲ ಎಂದು ಹೇಳುವ ಪ್ರಸಂಗ ಅವನಿಗೆ ಅಲ್ಲಿಯ ತನಕ ಬಂದಿರಲಿಲ್ಲ, ಹೇಗೆ ಹೇಳಬೇಕೆಂಬ ರೂಢಿಯೂ ಇರಲಿಲ್ಲ.

“ಕೆಲಸದಿಂದ ತಗಿಯಾಂಗಿಲ್ಲ, ಅಪ್ಪಾಜಿ ಕಾಲದವ ನೀ. ಚಾವಿ ಇಲ್ಲಿಟ್ಟು ಹೋಗು.”

ಉಡಿದಾರದ ಗಂಟು ವರ್ಷಗಟ್ಟಲೆ ಬಿಗಿದು ಕಲ್ಲಾಗಿತ್ತು. ಬಿಚ್ಚಲು ಬರಲಿಲ್ಲ. ಕೊನೆಗೆ ಮೇಜಿನ ಮೇಲಿದ್ದ ಕತ್ತರಿಯಿಂದ ದಾರ ಕತ್ತರಿಸಿ ಚಾವಿ ಇಟ್ಟು ಬಂದ. ಅಂದು ಅವನಿಗಾದ ನೋವು ತಂದೆ ತೀರಿದ ದಿನವೂ ಆಗಿರಲಿಲ್ಲ. ತಂದೆ ತೀರಿದಾಗ ನಾಲ್ಕು ಜನ ಸಮಾಧಾನ ಹೇಳಲು ಬಂದಿದ್ದರು.

ಮುಂದಿನ ಸೋಮವಾರ ಕಳ್ಳ ಯಾರೆಂದು ನೋಡಿಯೇ ಬಿಡುವುದೆಂದು ನಿಶ್ಚಯಿಸಿದ. ಮೊಣಕಾಲು ನೋವಿನಿಂದ ಚಾವಣಿ ಹತ್ತುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿ, ನೀರಿನ ಟಾಕಿಯ ಹಿಂದೆ ಕುಳಿತ.

ಬಂದವಳು ಗಂಗಾಬಾಯಿ. ಪ್ಯಾನಲ್‌ಗಳನ್ನೆಲ್ಲ ತೊಳೆದು ಒರೆಸಿದಳು. ಕೈಕಾಲು ತೊಳೆದುಕೊಂಡಳು. ಆಮೇಲೆ ತಂಬಿಗೆಯಲ್ಲಿ ಬೇರೆ ನೀರು ತಂದು ಗಾಜಿನ ಗುಮ್ಮಟಕ್ಕೆ ಸುರಿದಳು. ಸೆರಗಿನ ಗಂಟಿನಿಂದ ವಿಭೂತಿ ಗಟ್ಟಿ ತೆಗೆದು, ನೀರಲ್ಲಿ ತೇಯ್ದು, ಮೂರು ಬೆರಳಿನಿಂದ ಗಾಜಿನ ಮೇಲೆ ಅಡ್ಡಲಾಗಿ ದಪ್ಪಗೆ ಎಳೆದಳು. ತುದಿಗೊಂದು ಬಿಲ್ವಪತ್ರಿ ಇಟ್ಟಳು.

ಮಲ್ಕಪ್ಪನಿಗೆ ಒಮ್ಮೆಲೇ ಎಲ್ಲ ತಿಳಿಯಿತು. ಬಿಳಿ ತಟ್ಟೆ ಪೀಠ, ಗಾಜಿನ ಗುಮ್ಮಟ ಲಿಂಗ. ಕೆಡಿಸಬೇಡಿ, ಗಿರಣಿ ಪೂರಾ ಇದರ ಮೇಲೇ ನಿಂತಿದೆ ಎಂದು ಓದಿದ ಹುಡುಗಿಯೇ ಎಲ್ಲರ ಮುಂದೆ ಹೇಳಿದ್ದಳು. ಅಂಥದ್ದಕ್ಕೆ ಸೋಮವಾರ ವಿಭೂತಿ ಹಚ್ಚದೆ ಬಿಡುವುದು ಗಂಗಾಬಾಯಿಯ ಪ್ರಕಾರ ಕೆಡಿಸಿದಂತೆಯೇ. ಮಂಗಳವಾರ ಬೆಳಿಗ್ಗೆ ಪದ್ಧತಿಯಂತೆ ಹಳೆಯ ಪತ್ರಿ, ವಿಭೂತಿ ತೆಗೆದು ತೊಳೆದುಬಿಡುತ್ತಿದ್ದಳು. ಹಿರಿಸೊಸೆಯ ಕಣ್ಣು ಮತ್ತೆ ಚೊಕ್ಕ.

ಎದ್ದು ಕೂಗಬೇಕೆನ್ನುವಷ್ಟರಲ್ಲಿ ಆಕೆ ಕೈ ಮುಗಿದು, ತನ್ನ ಜೋರು ದನಿಯಲ್ಲೇ ಬೇಡಿಕೊಳ್ಳುವುದು ಕೇಳಿಸಿತು. “ನಮ್ಮಪ್ಪಾ, ಗಿರಣಿ ನಿಂದ್ರಸಬ್ಯಾಡ. ನನಗ ರೊಟ್ಟಿ ಕೊಡಿಸಿದಾಂವ ಮಲ್ಕಪ್ಪಣ್ಣ. ಅವನ ಮ್ಯಾಲಿನ ಅಪವಾದ ನೀನ ತಗೀಬೇಕು.”

ಕೆಳಗೆ ಜನರೇಟರ್ ಗುಡುಗಿ ಎದ್ದಿತು.

ಮಲ್ಕಪ್ಪ ಟಾಕಿಯ ಹಿಂದೆಯೇ ಕುಳಿತುಬಿಟ್ಟ. ಆಕೆಗೆ ಹೇಳಿದರೆ ಏನಾಗುತ್ತದೆ ಎಂದು ಅವನಿಗೆ ಗೊತ್ತು: ಮಾತು ಹೊಟ್ಟೆಯಲ್ಲಿ ನಿಲ್ಲದು, ನೇರ ಸಾಹುಕಾರನ ಕೋಣೆಗೆ ನಡೆಯುತ್ತಾಳೆ, ಕೆಡಿಸಿದವರು ಅವತ್ತೇ ಮನೆಗೆ. ಹೇಳದಿದ್ದರೆ ತಾನು ಕಳ್ಳ. ಆಕೆ ಇಳಿದು ಹೋದ ಮೇಲೆ ಎದ್ದು ಬಂದು ಕಂಬದ ಮುಂದೆ ನಿಂತ. ವಿಭೂತಿ ಹಚ್ಚುವುದನ್ನು ಬಿಟ್ಟರೆ ಒರೆಸಿ ಗೊತ್ತಿಲ್ಲದ ಮನೆತನ ಅವನದು. ಅದು ದೇವರಲ್ಲ, ಬಿಸಿಲು ಅಳೆಯುವ ಗಾಜು ಎಂದು ತಿಳಿದಿದ್ದರೂ ಮೊದಲು ಕೈ ಮುಗಿದ. “ತಪ್ಪಾದ್ರ ನನ್ನ ಮ್ಯಾಲ ಇರ್ಲಿ” ಎಂದು ಹೆಗಲ ಟವೆಲ್ಲಿನಿಂದ ಒರೆಸಿ, ಬೆರಳಿಗೆ ಹತ್ತಿದ್ದನ್ನು ಹಾಳು ಮಾಡದೆ ಹಣೆಗೆ ಹಚ್ಚಿಕೊಂಡ. ಸ್ವಲ್ಪ ಹೊತ್ತಿಗೆ ಕೆಳಗಿನ ಗದ್ದಲ ನಿಂತಿತು.

ಅಂದಿನಿಂದ ಪ್ರತಿ ಸೋಮವಾರ ಅದೇ ನೇಮ. ಆಕೆ ಹಚ್ಚಿ ಇಳಿಯುವಳು, ಇವನು ಹತ್ತಿ ಒರೆಸುವನು. ಮಂಗಳವಾರ ಗಾಜು ಬರಿದಾಗಿದ್ದರೆ, ಒಣಗಿ ಗಾಳಿಗೆ ಹೋಗಿರಬೇಕು ಎಂದು ಆಕೆ ತಿಳಿಯುತ್ತಿದ್ದಳು. ಜನರೇಟರ್ ಎದ್ದರೂ ಗಳಿಗೆಯಲ್ಲಿ ನಿಲ್ಲುತ್ತಿತ್ತು, ಡೀಸೆಲ್ ಇಳಿಯುತ್ತಿರಲಿಲ್ಲ. ಉಪಾಯ ಎಷ್ಟು ಸರಿಯಾಗಿ ಕೆಲಸ ಮಾಡಿತೆಂದರೆ, ಅದೇ ಅವನ ಕೊರಳಿಗೆ ಬಂತು. ಅರುಣಕುಮಾರ ತೊಗರಿ ತಂದ ಆಳಂದದ ವ್ಯಾಪಾರಿಯ ಮುಂದೆ, ಮಲ್ಕಪ್ಪನಿಗೂ ಕೇಳುವಂತೆ ಹೇಳಿದ: “ಚಾವಿ ಕಸ್ಗೊಂಡೆ ನೋಡ್ರಿ, ಸೋಮವಾರದ ರೋಗ ಹೋತು.” ರೋಗ ಹೋದದ್ದೇ ರೋಗಿ ಯಾರೆಂಬುದಕ್ಕೆ ಸಾಕ್ಷಿ. ಚಹಾ ಅಂಗಡಿಯಲ್ಲಿ ಈಗ ಯಾರೂ ವಾಸನೆಯ ಮಾತು ತೆಗೆದು ಚೇಷ್ಟೆ ಮಾಡುತ್ತಿರಲಿಲ್ಲ. ಅವನು ಬಂದರೆ ಮಾತೇ ನಿಲ್ಲುತ್ತಿತ್ತು. ಚೇಷ್ಟೆ ಎಷ್ಟೋ ವಾಸಿಯಿತ್ತು.

ಒಂದು ಸಂಜೆ ಮನೆಯ ಹಿತ್ತಲಿಗೆ ಬಂದವನು, ವಿದ್ಯಾವತಿ ಅವನ ಅಂಗಿಯನ್ನು ಒಗೆಯುವ ಮೊದಲು ಮುಖದ ಹತ್ತಿರ ಹಿಡಿದು ಮೂಸುವುದನ್ನು ನೋಡಿದ. ಅವಳು ಬೆಚ್ಚಿ ಅಂಗಿ ಇಳಿಸಿದಳು.

“ಮಂದಿ ಏನೇನೋ ಅಂತಾರ್ರಿ” ಎಂದಳು. “ಖರೇ ಏನು?”

“ವಾಸನಿ ಬಂತೇನು?”

“ಇಲ್ಲ.”

“ಮತ್ತ?”

ಅವಳು ಅಂಗಿಯನ್ನು ಬಕೆಟ್ಟಿಗೆ ಹಾಕಿದಳು. ಸಾಹುಕಾರ ಚಾವಿ ಕಸಿದುಕೊಂಡದ್ದನ್ನು ಅವನು ತಡೆದುಕೊಂಡಿದ್ದ. ಇದನ್ನು ತಡೆದುಕೊಳ್ಳಲು ಆಗಲಿಲ್ಲ. ಅಂದು ಊಟಕ್ಕೆ ಕುಳಿತು, ರೊಟ್ಟಿ ಮುರಿದು, ತಿನ್ನದೆ ಎದ್ದ. ನಿಜ ಹೇಳಿದರೆ ಅವಳಾದರೂ ನಂಬುತ್ತಿದ್ದಳು. ಆದರೆ ಅವಳಿಗೆ ಹೇಳಿದ್ದು ಓಣಿಗೆ, ಓಣಿಗೆ ಹೇಳಿದ್ದು ಗಂಗಾಬಾಯಿಗೆ ಮುಟ್ಟಲು ಎಷ್ಟು ಹೊತ್ತು?

ಮುಟ್ಟುವುದು ಹೇಗೂ ಮುಟ್ಟಿತು. ಮುಂದಿನ ಸೋಮವಾರ ಗಂಗಾಬಾಯಿ ತಂಬಿಗೆ ಮರೆತು ಇಳಿದವಳು, ನೆನಪಾಗಿ ಮತ್ತೆ ಹತ್ತಿದಳು. ಮಲ್ಕಪ್ಪ ಟವೆಲ್ ಹಿಡಿದು ವಿಭೂತಿ ಒರೆಸುತ್ತಿದ್ದ.

“ಯಾಕಣ್ಣ, ಏನ್ ಮಾಡಾಕತ್ತೀರಿ?” ಆಕೆಯ ದನಿ ಎಂದೂ ಇಲ್ಲದಷ್ಟು ಸಣ್ಣಗಾಗಿತ್ತು. “ಕೊರಳಾಗ ಲಿಂಗ ಕಟಗೊಂಡಾವ್ರು, ವಿಭೂತಿ ಒರಸ್ತೀರಿ?”

ಇನ್ನು ಮುಚ್ಚಿಡುವಂತಿರಲಿಲ್ಲ. ಕೆಳಗೆ ಕುಳಿತು ಎಲ್ಲ ಹೇಳಿದ: ಗಾಜು ಏನು ಮಾಡುತ್ತದೆ, ವಿಭೂತಿ ಬಿದ್ದರೆ ಪೆಟ್ಟಿಗೆ ಏನೆಂದುಕೊಳ್ಳುತ್ತದೆ, ಜನರೇಟರ್ ಯಾಕೆ ಏಳುತ್ತದೆ. ಗಂಗಾಬಾಯಿ ಬಾಯಿಗೆ ಸೆರಗು ಇಟ್ಟುಕೊಂಡು ಕೇಳಿದಳು.

“ಅಂದ್ರ ನಿಮ್ಮ ಅಪವಾದ ತಗಿ ಅಂತ ಬೇಡ್ಕೋತ, ನಾನೇ ಹಚ್ಚಾಕತ್ತಿದ್ನೇನು?”

“ನಿನಗೇನ ಗೊತ್ತಿತ್ತ ಬೇ ತಂಗಿ. ಬಾಯಿ ಬಿಡಬ್ಯಾಡ. ಕೆಲಸ ಹೋಗ್ತದ.”

“ನಿಮ್ಮ ಮರ್ಯಾದಿ ಮಾರಿ ನಾ ರೊಟ್ಟಿ ತಿನ್ಲೇನು?”

ಅರುಣಕುಮಾರ ಅಂದು ಕಲಬುರಗಿಯಲ್ಲಿದ್ದ. ಒಂದು ಹಗಲು, ಒಂದು ರಾತ್ರಿ ಆಕೆ ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡಳು. ಆಕೆಯ ಜೀವಮಾನದಲ್ಲಿ ಅದೇ ಮೊದಲು, ಬಹುಶಃ ಅದೇ ಕಡೆ. ಮಂಗಳವಾರ ಅವನ ಕಾರು ಗೇಟಿನೊಳಗೆ ಬರುವುದೇ ತಡ, ಅಡ್ಡ ನಿಂತಳು. “ಸಾಹುಕಾರ್ರ, ಚಾವಣಿ ಮ್ಯಾಲ ಬರ್ರಿ. ಆ ಚಾವಿನೂ ತರ್ರಿ. ಮಲ್ಕಪ್ಪಣ್ಣ, ನೀವೂ ನಡೀರಿ.” ಆ ದನಿಗೆ ಇಲ್ಲ ಎನ್ನಲು ಅರುಣಕುಮಾರನಿಗೂ ಆಗಲಿಲ್ಲ.

ಮೇಲೆ ಸುಡು ಬಿಸಿಲು. ಪ್ಯಾನಲ್‌ಗಳು ತೊಳೆದು ಹೊಳೆಯುತ್ತಿದ್ದವು. ಕೆಳಗೆ ಮೋಟಾರುಗಳ ಗರಗರ, ಜನರೇಟರ್ ಮಾತ್ರ ಸುಮ್ಮನೆ. ಗಂಗಾಬಾಯಿ ಸೆರಗಿನ ಗಂಟು ಬಿಚ್ಚಿ ವಿಭೂತಿ ತೇಯ್ದಳು. “ಇವತ್ತ ಸೋಮವಾರ ಅಲ್ಲೋ ನಮ್ಮಪ್ಪಾ, ತಪ್ಪ ತಿಳೀಬ್ಯಾಡ” ಎಂದು ಗಾಜಿನ ಮೇಲೆ ಮೂರು ಪಟ್ಟಿ ಎಳೆದು, ಕೈ ಕಟ್ಟಿ ನಿಂತಳು.

“ಇದೇನಿದು?” ಎಂದ ಅರುಣಕುಮಾರ.

“ಸ್ವಲ್ಪ ತಡೀರಿ.”

ಮೂವರೂ ಬಿಸಿಲಲ್ಲಿ ನಿಂತರು. ಅರುಣಕುಮಾರ ಏನೋ ಕೇಳಲು ಬಾಯಿ ತೆರೆದ. ಅಷ್ಟರಲ್ಲಿ ಕೆಳಗೆ ಜನರೇಟರ್ ಒಮ್ಮೆ ಕೆಮ್ಮಿ, ಗುಡುಗಿ ಎದ್ದಿತು. ಕಪ್ಪು ಹೊಗೆ ಚಾವಣಿಯ ಅಂಚಿನವರೆಗೂ ಬಂತು.

“ಕಳ್ಳಿ ನಾನ್ರಿ, ಸಾಹುಕಾರ್ರ” ಎಂದಳು ಗಂಗಾಬಾಯಿ. “ಸೋಮವಾರಕ್ಕೊಮ್ಮೆ ಹಚ್ಚಿದಾಕಿ ನಾನು. ನನ್ನ ಕೆಲಸ ಹೋಗಬಾರ್ದಂತ ನನಗೂ ಹೇಳಲಾರದ, ನಿಮಗೂ ಹೇಳಲಾರದ, ಕುಂಟ್ಕೋತ ಹತ್ತಿ ಒರಸಿದಾಂವ ಇಂವ. ಮನಿಗೆ ಕಳಸೂದಿದ್ರ ನನ್ನ ಕಳಸ್ರಿ.”

ಅರುಣಕುಮಾರನ ಮುಖ ಕೆಂಪಾಯಿತು. ಗಾಜನ್ನು ನೋಡಿದ, ಹೊಗೆಯನ್ನು ನೋಡಿದ. ಮಲ್ಕಪ್ಪನ ಮುಖ ನೋಡಲು ಅವನಿಂದ ಆಗಲಿಲ್ಲ. ಜೇಬಿಗೆ ಕೈ ಹಾಕಿ ಚಾವಿ ತೆಗೆದ.

“ಮಲ್ಕಪ್ಪಣ್ಣ,” ಎಂದ, “ನನ್ನಿಂದ...”

“ಮಾತು ಆಮ್ಯಾಲ ಆಡೂಣ್ರಿ” ಎಂದ ಮಲ್ಕಪ್ಪ. “ಡೀಸೆಲ್ ಸುಡಾಕತ್ತದ.”

ಕುಂಟುತ್ತ ಹೋಗಿ, ಟವೆಲ್ಲಿನಿಂದ ಗಾಜು ಒರೆಸಿ, ಬೆರಳಿನ ವಿಭೂತಿಯನ್ನು ಹಣೆಗೆ ಹಚ್ಚಿಕೊಂಡ. ಸ್ವಲ್ಪ ಹೊತ್ತಿಗೆ ಕೆಳಗೆ ಜನರೇಟರ್ ನಿಂತಿತು. ನಿಂತ ಮೇಲೆ ಅವನು ಚಾವಿಗೆ ಕೈ ಚಾಚದೆ, ಗಂಗಾಬಾಯಿಯ ಕಡೆ ನೋಡಿದ. ಅರುಣಕುಮಾರನಿಗೆ ತಿಳಿಯಿತು.

“ನಾಳಿಂದ ಆ ಗಾಜು ದಿನಾ ನೀವೇ ಒರಸ್ರಿ, ಗಂಗಾಬಾಯಿ” ಎಂದ. “ವಿಭೂತಿ ಹಚ್ಚಾಕ ಮೂಲ್ಯಾಗ ಒಂದು ಗೂಡು ಕಟ್ಟಿಸಿ ಕೊಡ್ತೇನಿ.”

ಆಗ ಮಲ್ಕಪ್ಪ ಚಾವಿ ತೆಗೆದುಕೊಂಡ. ಇಳಿದು ಹೋಗಿ ಕೋಣೆ ತೆರೆದು, ಬೇವಿನ ಕಡ್ಡಿ ಇಳಿಸಿ ಟಾಕಿ ನೋಡಿದ. ಜನರೇಟರಿನ ಎಣ್ಣೆ ಒರೆಸಿದ, ಸಡಿಲಾಗಿದ್ದ ಪೈಪು ಬಿಗಿದ. ಸಂಜೆ ಮನೆಗೆ ಬಂದಾಗ ಹೊಸ ಉಡಿದಾರದಲ್ಲಿ ಚಾವಿ ಇತ್ತು. ಅಂಗಿ ಬಿಚ್ಚಿ ವಿದ್ಯಾವತಿಯ ಕೈಗೆ ಕೊಟ್ಟ. ಗಂಗಾಬಾಯಿಯ ಬಾಯಿ ಅವನಿಗಿಂತ ಮೊದಲೇ ಓಣಿ ಮುಟ್ಟಿತ್ತು. ವಿದ್ಯಾವತಿಗೆ ಎಲ್ಲ ಗೊತ್ತಾಗಿತ್ತು.

ಅಂಗಿ ಡೀಸೆಲ್ ನಾರುತ್ತಿತ್ತು. ವಿದ್ಯಾವತಿ ಅದನ್ನು ಬಕೆಟ್ಟಿನಲ್ಲಿ ನೆನೆಸಿ, ಸೋಪು ಹಚ್ಚಿ ತಿಕ್ಕಿದಳು. ತಲೆ ಎತ್ತದೆ ಬಹಳ ಹೊತ್ತು ತಿಕ್ಕುತ್ತಲೇ ಇದ್ದಳು. ಅವಳ ಹೆಗಲು ಅಲುಗುವುದು ತಿಕ್ಕುವುದರಿಂದ ಮಾತ್ರ ಅಲ್ಲ ಎಂದು ಅವನಿಗೆ ಕಂಡಿತು. ಹತ್ತಿರ ಹೋಗಿ ಕಲ್ಲಿನ ಮೇಲೆ ಕುಳಿತ.

“ಸಾಕ ಬಿಡು” ಎಂದ. “ಅದು ಹೋಗೂ ವಾಸನಿ ಅಲ್ಲ.”